ಹುಣಸೂರಿನ ಪೆಟ್ಟಿಗೆ, ಕೆ.ಆರ್. ನಗರದ ಕ್ಲೌಡು

ನಾಲ್ಕು ತಾಲೂಕು ಸುತ್ತಿ ಕಂಪ್ಯೂಟರಿಗೆ ವೈರು ಎಳೆಯುವ ಕೆಲಸಕ್ಕೆ ಬಿದ್ದವನು ನಗುವುದಕ್ಕೆ ಅಂತ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಹುಣಸೂರಿನಲ್ಲಿ ನನ್ನದೊಂದು ಪುಟ್ಟ ರಿಪೇರಿ ಅಂಗಡಿ ಇದೆ. ನಾನು ಅದರೊಳಗೆ ಇರುವುದಕ್ಕಿಂತ ಪಿರಿಯಾಪಟ್ಟಣದ ಬಸ್ಸಿನಲ್ಲೋ ಎಚ್.ಡಿ. ಕೋಟೆ ರಸ್ತೆಯ ಗುಂಡಿಯಲ್ಲೋ ಇರುವುದೇ ಹೆಚ್ಚು. ಮೆಷಿನ್ನುಗಳು ತಾವಾಗಿ ಕೆಡುವುದು ಕಡಿಮೆ. ನಾವು ಮನುಷ್ಯರು ಹತ್ತಿರ ಹೋಗಿ ಅವಕ್ಕೇನೋ ಒಳ್ಳೆಯದು ಮಾಡಲು ನೋಡುತ್ತೇವಲ್ಲ, ಆಗ ಕೆಡುತ್ತವೆ.

ಇಲ್ಲಿ ಹೇಳುವುದೆಲ್ಲ ಒಂದೇ ಮನೆಯವರದು. ಅಣ್ಣ ತಮ್ಮ ಇಬ್ಬರದ್ದು ಪಂಪು, ಮೋಟರು, ಪೈಪಿನ ವ್ಯಾಪಾರ. ಮೊದಲ ಅಂಗಡಿ ಹುಣಸೂರಿನದು. ಅಲ್ಲಿ ಅಣ್ಣ, ನಮಗೆಲ್ಲ ದೊಡ್ಡ ಯಜಮಾನರು. ಕೆ.ಆರ್. ನಗರದಲ್ಲಿ ತಮ್ಮ, ಅಂದರೆ ಚಿಕ್ಕ ಯಜಮಾನರು. ವ್ಯಾಪಾರ ಕೈ ಹಿಡಿದ ಮೇಲೆ ಪಿರಿಯಾಪಟ್ಟಣದಲ್ಲೊಂದು, ಎಚ್.ಡಿ. ಕೋಟೆಯಲ್ಲೊಂದು ಅಂಗಡಿ ತೆರೆದರು. ದೊಡ್ಡ ಯಜಮಾನರ ಹೆಂಡತಿ ಹುಣಸೂರಿನ ಗಲ್ಲಾದಲ್ಲಿ ಕೂರುತ್ತಾರೆ. ಅವರನ್ನು ಎಲ್ಲರೂ ಅಮ್ಮಾವ್ರು ಅನ್ನುತ್ತೇವೆ. ಅವರು ಮದುವೆಯಾಗಿ ಬಂದಾಗ ಮೈದುನ ಇನ್ನೂ ಚಡ್ಡಿ ಹಾಕುತ್ತಿದ್ದರಂತೆ. ತಲೆ ಬಾಚಿ ಸ್ಕೂಲಿಗೆ ಕಳಿಸಿದವರು ಇವರೇ.

ಕೂತಿದ್ದ ಪೆಟ್ಟಿಗೆ

ಹಂಪಾಪುರದ ರೈತರೊಬ್ಬರು ಕೋಟೆ ಅಂಗಡಿಗೆ ಬಂದು ಒಂದು ಮೋಟರು ಕೇಳಿದರು. ಬಾಳೆತೋಟ ಬಾಡುತ್ತಿತ್ತು, ಅವಸರದಲ್ಲಿದ್ದರು. ಗಲ್ಲಾದಲ್ಲಿ ಕೂತವನು ಕೂತಲ್ಲಿಂದಲೇ ಅತ್ತ ಇತ್ತ ಕಣ್ಣಾಡಿಸಿ, "ಆ ಮಾಡ್ಲು ಹುಣಸೂರಲ್ಲಿ ಸಿಕ್ತದೆ ಗೌಡ್ರೇ" ಅಂದ. ಹುಣಸೂರಿನಲ್ಲಿ ದೊಡ್ಡ ಯಜಮಾನರು, "ಇಲ್ಲಿ ಖಾಲಿ ಆಯ್ತು, ಪಿರಿಯಾಪಟ್ಣದಲ್ಲಿ ಇರ್ಬೇಕು, ಓಗಿ" ಅಂದರು. ಪಿರಿಯಾಪಟ್ಟಣದವನು ಕೆ.ಆರ್. ನಗರಕ್ಕೆ ಕಳಿಸಿದ. ಅಲ್ಲಿ ಚಿಕ್ಕ ಯಜಮಾನರು ಹಳೆಯ ಬಿಲ್ಲನ್ನೆಲ್ಲ ಹುಡುಕಿ, ಆ ಮೋಟರು ಕೋಟೆಗೇ ಹೋಗಿದೆ ಅಂತ ಪತ್ತೆ ಮಾಡಿದರು.

ರೈತರು ಸಂಜೆ ಹೊತ್ತಿಗೆ ಮತ್ತೆ ಕೋಟೆ ಅಂಗಡಿಯ ಮುಂದೆ ನಿಂತರು. ಗಲ್ಲಾದವನು ಒಳಗೆ ಹುಡುಕುತ್ತೇನೆ ಅಂತ ಎದ್ದ. ಅವನು ಎದ್ದದ್ದೇ ತಡ, ಅಷ್ಟು ಹೊತ್ತೂ ದಿಂಬು ಹಾಕಿಕೊಂಡು ಕೂತಿದ್ದ ರಟ್ಟಿನ ಪೆಟ್ಟಿಗೆ ಕಾಣಿಸಿತು. ಅದರ ಮೇಲೆ ಮೋಟರಿನ ಚಿತ್ರವೇ ಇತ್ತು.

ರೈತರು ಬೈಯಲಿಲ್ಲ. ದಿಂಬನ್ನು ತೆಗೆದು ಅವನ ಕೈಗೆ ಕೊಟ್ಟು ಹೇಳಿದರು: "ನಾಕ್ ಊರೂ ತೋರಿಸ್ದ್ರಿ. ದಾರೀಲಿ ಎರಡು ದೇವಸ್ಥಾನ ಸೇರ್ಸಿದ್ರೆ ಯಾತ್ರೆನಾದ್ರೂ ಆಗದು."

ಮನೆ ನೋಡುವ ಶಾಸ್ತ್ರ

ಯಾವ ಅಂಗಡಿಯಲ್ಲಿ ಏನಿದೆ ಅನ್ನುವುದು ನಾಲ್ಕೂ ಕಡೆ ಕಾಣಬೇಕು ಅಂತ ಅಣ್ಣ ತಮ್ಮ ಅವತ್ತೇ ತೀರ್ಮಾನಿಸಿದರು. ಅವರಿಬ್ಬರೂ ಒಪ್ಪಿದ ಕೊನೆಯ ಮಾತು ಅದು. ಹೇಗೆ ಕಾಣಬೇಕು ಅನ್ನುವಲ್ಲಿಗೆ ಜಗಳ ಶುರುವಾಯಿತು.

ನಾನು ಎರಡು ದಾರಿ ಹೇಳಿದೆ. ಒಂದು, ಹುಣಸೂರಿನ ಅಂಗಡಿಯಲ್ಲೇ ಸ್ವಂತದ ದೊಡ್ಡ ಮೆಷಿನ್ನು, ಅಂದರೆ ಸರ್ವರ್ ಇಟ್ಟು, ಉಳಿದ ಅಂಗಡಿಗಳನ್ನು ಅದಕ್ಕೆ ಜೋಡಿಸುವುದು. ಇನ್ನೊಂದು, ಎಲ್ಲೋ ದೂರದಲ್ಲಿ ಕಂಪನಿಯವರು ಇಟ್ಟಿರುವ ಮೆಷಿನ್ನಿನಲ್ಲಿ ಬಾಡಿಗೆಗೆ ಜಾಗ ತೆಗೆದುಕೊಂಡು ಇಂಟರ್‌ನೆಟ್ಟಿನ ಮೂಲಕ ಬಳಸುವುದು. ಅದೇ ಕ್ಲೌಡು. ಅಣ್ಣ ಮೊದಲನೆಯದನ್ನು ಹಿಡಿದರು, ತಮ್ಮ ಎರಡನೆಯದನ್ನು.

"ಅಣ್ಣ, ನಾಳೆ ಇನ್ನೆರಡು ಅಂಗಡಿ ಮಾಡ್ತೀವಿ. ಪ್ರತಿ ಸಲನೂ ದೊಡ್ಡ ಮಿಷಿನ್ ತರದಾ? ಕ್ಲೌಡಲ್ಲಾದ್ರೆ ಜಾಗ ತಾನಾಗೇ ಬೆಳೀತದೆ" ಅಂದರು ತಮ್ಮ.

"ಬೆಳೀಲಿ ಕಣ್ಲಾ. ಅದಿರದು ಎಲ್ಲಿ?"

"ಮುಂಬೈಯಲ್ಲಿ."

"ಸರಿ, ಒಂದು ವ್ಯಾನ್ ಮಾಡ್ಕಂಡು ಓಗಿ ನೋಡ್ಕಂಡು ಬರಾನ. ನಿಮ್ ಅತ್ತಿಗೆನೂ ಬರ್ಲಿ. ನಾಕ್ ಅಂಗಡಿ ಸಮಾಚಾರ ಅವರ ಕೈಗೆ ಕೊಡದು ಅಂದ್ರೆ ಹೆಣ್ಣು ಕೊಟ್ಟಂಗೆ. ಮನೆ ಎಂಗದೆ, ಜನ ಎಂಗವ್ರೆ, ನೀರು ನಿಡಿ ಎಂಗೆ, ನೋಡ್ಬೇಕಾ ಬ್ಯಾಡ್ವಾ?"

ನಾನು ಕಂಪನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಆ ಕಡೆ ಕನ್ನಡ ಬಲ್ಲ ಹುಡುಗಿಯೊಬ್ಬಳು ಸಿಕ್ಕಿದಳು. ಗ್ರಾಹಕರನ್ನು ಮೆಷಿನ್ನಿರುವ ಕಟ್ಟಡದ ಒಳಗೆ ಬಿಡುವುದಿಲ್ಲ, ಕಟ್ಟಡ ಎಲ್ಲಿದೆ ಅಂತಲೂ ಹೇಳುವುದಿಲ್ಲ, ಅದೆಲ್ಲ ಭದ್ರತೆಗಾಗಿ ಅಂತ ಬಹಳ ಮರ್ಯಾದೆಯಿಂದ ವಿವರಿಸಿದಳು. ದೊಡ್ಡ ಯಜಮಾನರು ಪೂರ್ತಿ ಕೇಳಿಸಿಕೊಂಡರು. ಫೋನಿಟ್ಟ ಮೇಲೆ ತಮ್ಮನ ಕಡೆ ತಿರುಗಿ, "ನೋಡ್ದಾ? ಬೀಗ್ರು ಬಾಗ್ಲೇ ತೆಗಿಯಾಕಿಲ್ವಂತೆ" ಅಂದರು.

ತಣ್ಣಗಿನ ಕೋಣೆ

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ದಸರಾವರೆಗೆ ಹುಣಸೂರು, ಪಿರಿಯಾಪಟ್ಟಣ ಎರಡೂ ಅಣ್ಣನ ಸರ್ವರಿನಲ್ಲಿ ನಡೆಯುವುದು, ಕೆ.ಆರ್. ನಗರ, ಕೋಟೆ ತಮ್ಮನ ಕ್ಲೌಡಿನಲ್ಲಿ. ಯಾವುದು ಚೆನ್ನಾಗಿ ನಡೆಯುತ್ತದೋ ದಸರಾ ಕಳೆದ ಮೇಲೆ ನಾಲ್ಕಕ್ಕೂ ಅದೇ.

"ಆಗ್ಲೂ ಒಮ್ಮತ ಬರ್ಲಿಲ್ಲ ಅಂದ್ರೆ?" ಅಂತ ನಾನು ಕೇಳಬಾರದಿತ್ತು. "ಎರಡೆರಡು ಅಂಗಡಿ ಅವರವರ್ದು ಅಂತ ಆಗ್ಲಿ ಬುಡು" ಅಂದರು ದೊಡ್ಡ ಯಜಮಾನರು. ತಮ್ಮ "ಆಗ್ಲಿ" ಅಂದರು. ಅಮ್ಮಾವ್ರು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಒಂದು ಮೆಷಿನ್ನಿಗಾಗಿ ಬೇರೆಯಾಗುವುದೇ?

ಹುಣಸೂರಿನ ಅಂಗಡಿಯ ಹಿಂದೆ ಸಣ್ಣ ಕೋಣೆಯೊಂದನ್ನು ಖಾಲಿ ಮಾಡಿಸಿ ಸರ್ವರ್ ಇಟ್ಟೆ. ಮೆಷಿನ್ನು ಬಿಸಿಯಾಗಬಾರದು ಅಂತ ಎಸಿ ಹಾಕಿಸಿದೆ. ಅದೇ ತಪ್ಪಾಯಿತು. ಇಡೀ ಅಂಗಡಿಯಲ್ಲಿ ಎಸಿ ಇದ್ದದ್ದು ಆ ಕೋಣೆಯಲ್ಲಿ ಮಾತ್ರ, ಹೊರಗೆ ಬೇಸಿಗೆ ಕಾಯುತ್ತಿತ್ತು. ಒಂದು ವಾರದಲ್ಲಿ ಸರ್ವರಿನ ಪಕ್ಕ ಅಮ್ಮಾವ್ರ ಮೊಸರಿನ ಪಾತ್ರೆ ಬಂತು. ಆಮೇಲೆ ಹೂವಿನ ಬುಟ್ಟಿ ಬಂತು. ಆಮೇಲೆ ಗಿರಾಕಿಗಳೇ ಬಂದರು. ಬಿಸಿಲಲ್ಲಿ ಬಂದವರನ್ನು ಏಳಿ ಅನ್ನುವ ಬಾಯಿ ದೊಡ್ಡ ಯಜಮಾನರಿಗಿಲ್ಲ.

ಒಂದು ಮಧ್ಯಾಹ್ನ ಪಿರಿಯಾಪಟ್ಟಣದಿಂದ ಫೋನು, ಎಲ್ಲ ನಿಂತುಹೋಗಿದೆ ಅಂತ. ಹುಣಸೂರಿನ ಗಲ್ಲಾದಲ್ಲೂ ಪರದೆ ಹಾಗೇ ನಿಂತಿತ್ತು. ಓಡಿಹೋಗಿ ಕೋಣೆ ಬಾಗಿಲು ತೆಗೆದೆ. ವೀರನಹೊಸಹಳ್ಳಿ ಕಡೆಯ ಹಿರಿಯರೊಬ್ಬರು ಟವೆಲ್ಲು ಹಾಸಿಕೊಂಡು ಹಾಯಾಗಿ ಮಲಗಿದ್ದರು. ಗೋಡೆಯ ಸ್ವಿಚ್ಚುಗಳೆಲ್ಲ ಆಫಾಗಿದ್ದವು, ಎಸಿಯದೊಂದು ಬಿಟ್ಟು.

"ಅಜ್ಜ, ಇದನ್ನ ಯಾಕೆ ಆಫ್ ಮಾಡಿದ್ರಿ?" ಅಂದೆ.

ಅವರು ಎದ್ದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೇನಪ್ಪಾ ಇದ್ನ ನೋಡ್ಕಳನು? ಒಬ್ರೂ ಇಲ್ಲ, ಸುಮ್ಕೆ ದೀಪ ಮಿಣಮಿಣ ಅಂತ ಉರೀತಾ ಅದೆ, ಫ್ಯಾನು ಗುಯ್ ಅಂತ ತಿರುಗ್ತಾ ಅದೆ. ಪಾಪ, ಯಜಮಾನಂಗೆ ಕರೆಂಟು ಬಿಲ್ಲು ಏಟ್ ಬತ್ತದೋ ಏನೋ ಅಂತ ನಾನೇ ಎದ್ದು ಆರಿಸ್ದೆ. ಇನ್ನೊಂದ್ ಸಲ ಮರೀಬ್ಯಾಡ."

ಗಟ್ಟಿ ಗಂಟು

ತಮ್ಮನ ಕಡೆ ಸುಖವಾಗಿತ್ತು ಅಂದುಕೊಳ್ಳಬೇಡಿ. ಕ್ಲೌಡು ಎಂದೂ ಕೆಡಲಿಲ್ಲ, ನಿಜ. ಆದರೆ ಅಲ್ಲಿಗೆ ಹೋಗುವ ದಾರಿ ದಿನಾ ಕೆಡುತ್ತಿತ್ತು. ಕೋಟೆ ಅಂಗಡಿಯಲ್ಲಿ ಲೈನು ಹೋದರೆ ಮೊಬೈಲಿನ ಸಿಗ್ನಲ್ಲು ಸಿಗುತ್ತಿದ್ದದ್ದು ಮಹಡಿಯ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಗಲ್ಲಾದವನು ಲ್ಯಾಪ್‌ಟಾಪ್ ಹಿಡಿದು ಮೇಲೆ ಹತ್ತುತ್ತಿದ್ದ, ಗಿರಾಕಿ ಹಿಂದೆ ಹತ್ತುತ್ತಿದ್ದರು. ಮಂಡಿನೋವಿನ ಗಿರಾಕಿಗಳು ಕೆಳಗಿನಿಂದಲೇ ಕೂಗಿ ಬಿಲ್ಲು ಹಾಕಿಸುತ್ತಿದ್ದರು. ಯಾರ ಮನೆಗೆ ಯಾವ ಮೋಟರು ಬಂತು ಅನ್ನುವುದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಕಬ್ಬಿನ ಕಾಲ ಬಂತು. ಕೆ.ಆರ್. ನಗರದ ಅಂಗಡಿಯ ಮುಂದೆ ಕಂಬದಿಂದ ಕಂಬಕ್ಕೆ ಎಳೆದಿದ್ದ ಇಂಟರ್‌ನೆಟ್ ಕೇಬಲ್ಲು ಕಬ್ಬು ಹೇರಿದ ಟ್ರ್ಯಾಕ್ಟರಿಗೆ ಸಿಕ್ಕಿ ತುಂಡಾಯಿತು. ಚಿಕ್ಕ ಯಜಮಾನರು ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಕೇಬಲ್ಲು ಮೊದಲಿನ ಹಾಗೇ ಬಿಗಿಯಾಗಿ ನಿಂತಿತ್ತು. ಟ್ರ್ಯಾಕ್ಟರಿನವರು ದೊಡ್ಡ ಮನಸ್ಸಿನವರು. ಕಿತ್ತುಹಾಕಿ ಕೈತೊಳೆದುಕೊಂಡು ಹೋಗದೆ ಗಾಡಿ ನಿಲ್ಲಿಸಿ, ಕಬ್ಬಿನ ಮೇಲೇ ಹತ್ತಿ ನಿಂತು, ಎರಡು ತುದಿ ಸೇರಿಸಿ ಗಂಟು ಹಾಕಿ, ಮೇಲೆ ಕಪ್ಪು ಟೇಪು ಸುತ್ತಿದ್ದರು. ನಾನು ಬರುವವರೆಗೂ ಕಾದಿದ್ದರು.

ಒಳಗಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಗಂಟಿಗೆ ಸೇರುವುದಿಲ್ಲ, ಅದನ್ನು ಸೇರಿಸಲು ಬೇರೆ ಮೆಷಿನ್ನೇ ಬೇಕು ಅಂತ ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಗಂಟು ಚೆನ್ನಾಗಿದೆ ಅಂದೆ. ಕೆಲಸ ಮುಗಿಸಿದ ಸಮಾಧಾನ ಇತ್ತು ಅದರಲ್ಲಿ. ಚಿಕ್ಕ ಯಜಮಾನರು ಅವರಿಗೆ ಟೀ ತರಿಸಿಕೊಟ್ಟರು. ಟೀ ಕುಡಿದು ಟ್ರ್ಯಾಕ್ಟರು ಹತ್ತುವಾಗ ಅವರು ತಿರುಗಿ ನೋಡಿ ಹೇಳಿದರು: "ಗಂಟು ಗಟ್ಟಿಯಾಗೇ ಹಾಕಿವ್ನಿ ಸಾ. ಎತ್ತು ಕಟ್ಟಿದ್ರೂ ಬಿಚ್ಚಾಕಿಲ್ಲ. ನೆಟ್ಟು ಬರ್ಲಿಲ್ಲ ಅಂದ್ರೆ ಮುಂಬೈ ಕಡೇಲಿ ನೋಡಿಸಿ."

ನಡುವೆ ನಾನು

ಅಣ್ಣನ ಸರ್ವರು ತಮ್ಮನ ಕ್ಲೌಡಿಗೆ ಕಾಣುತ್ತಿರಲಿಲ್ಲ, ತಮ್ಮನದು ಅಣ್ಣನಿಗೆ ಕಾಣುತ್ತಿರಲಿಲ್ಲ. ಯಾವ ಮಾಲು ಎಲ್ಲಿದೆ ಅಂತ ಒಬ್ಬರನ್ನೊಬ್ಬರು ಕೇಳಲೇಬೇಕು. ಅಷ್ಟರಲ್ಲಿ ಇಬ್ಬರಿಗೂ ಮಾತು ನಿಂತಿತ್ತು. ಹಬ್ಬದ ದಿನವೂ ತಮ್ಮ ಹುಣಸೂರಿಗೆ ಬರಲಿಲ್ಲ. ಅಮ್ಮಾವ್ರು ಒಬ್ಬಟ್ಟು ಕಟ್ಟಿ ನನ್ನ ಕೈಲೇ ಕಳಿಸಿದರು.

ಒಬ್ಬಟ್ಟಿನ ಡಬ್ಬಿ ಹಿಡಿದು ಕೆ.ಆರ್. ನಗರದ ಅಂಗಡಿಯಲ್ಲಿ ಕೂತಿದ್ದಾಗಲೇ ದೊಡ್ಡ ಯಜಮಾನರ ಫೋನು ಬಂತು. ಅವರ ದನಿಗೆ ಸ್ಪೀಕರು ಬೇಕಾಗಿಲ್ಲ, ಎದುರಿಗೆ ಕೂತ ತಮ್ಮನಿಗೆ ಎಲ್ಲ ಕೇಳಿಸುತ್ತಿತ್ತು.

"ಕಂಪ್ಯೂಟ್ರಪ್ಪ, ನಗರದಲ್ಲಿ ಎರಡಿಂಚು ವಾಲ್ವು ಅದಾ ಕೇಳು."

"ಅದೆ ಅಂತ ಹೇಳಿ" ಅಂದರು ಚಿಕ್ಕ ಯಜಮಾನರು, ಒಬ್ಬಟ್ಟು ಮುರಿಯುತ್ತಾ.

"ಅದೆಯಂತೆ" ಅಂದೆ.

"ಕಳಿಸ್ತಾನಾ ಕೇಳು."

"ಬಸ್ಸಿಗೆ ಹಾಕ್ತೀನಿ ಅಂತ ಹೇಳಿ."

"ಬಸ್ಸಿಗೆ ಹಾಕ್ತಾರಂತೆ."

ಆಮೇಲೆ ದನಿ ತಗ್ಗಿತು. "ಅವ್ನಿಗೆ ಕೆಮ್ಮಿತ್ತು, ವಾಸಿ ಆಯ್ತಾ ಕೇಳು. ನಾನ್ ಕೇಳ್ದೆ ಅನ್ಬ್ಯಾಡ."

ಚಿಕ್ಕ ಯಜಮಾನರು ಒಬ್ಬಟ್ಟನ್ನು ತಟ್ಟೆಗಿಟ್ಟರು. "ವಾಸಿ ಆಯ್ತು ಅಂತ ಹೇಳಿ. ನಾನ್ ಹೇಳ್ದೆ ಅನ್ಬೇಡಿ."

ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. "ಅಣ್ಣನ ಪೆಟ್ಟಿಗೇಲಿ ಇರೋದ್ರದ್ದು ದಿನಾ ಒಂದು ಕಾಪಿ ನನ್ನ ಕ್ಲೌಡಿಗೆ ಬರೋ ಅಂಗೆ ಮಾಡಿ. ಪಾಸ್‌ವರ್ಡ್ ನನ್ನತ್ರ ಇರ್ಲಿ. ಅವನಿಗೆ ಹೇಳ್ಬೇಡಿ. ಅದೇನಾದ್ರೂ ಕೆಟ್ರೆ ಅಣ್ಣ ಊಟ ಬುಟ್ಬುಡ್ತಾನೆ."

ಯಜಮಾನರಿಗೆ ಗೊತ್ತಿಲ್ಲದೆ ಹೇಗೆ ಮಾಡುವುದು? ಅಮ್ಮಾವ್ರನ್ನು ಕೇಳಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮಾಡಪ್ಪ. ನೀನು ಕೇಳ್ಲೂ ಇಲ್ಲ, ನಾನು ಏನೂ ಹೇಳ್ಲೂ ಇಲ್ಲ" ಅಂದರು. ಸರ್ವರು ಒಂದು ದಿನ ನಿಲ್ಲುತ್ತಿತ್ತು, ಕ್ಲೌಡಿನ ಲೈನು ಇನ್ನೊಂದು ದಿನ ನಿಲ್ಲುತ್ತಿತ್ತು. ಆ ಮನೆಯವರಿಗೆ ತಡೆಯಿಲ್ಲದೆ ಕೆಲಸ ಮಾಡುತ್ತಿದ್ದ ಒಂದೇ ನೆಟ್‌ವರ್ಕು ಅಂದರೆ ನಾನು.

ಆಯುಧಪೂಜೆ

ನಮ್ಮ ಕಡೆ ಆಯುಧಪೂಜೆಯ ದಿನ ದುಡಿಯುವ ಯಾವ ವಸ್ತುವನ್ನೂ ದುಡಿಸುವುದಿಲ್ಲ. ನೇಗಿಲಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲ ತೊಳೆದು, ಅರಿಶಿನ ಕುಂಕುಮ ಇಟ್ಟು, ಹೂ ಹಾಕಿ ಸುಮ್ಮನೆ ಕೂರಿಸುತ್ತೇವೆ. ಸರ್ವರನ್ನೂ ಆಫ್ ಮಾಡಿ ಪೂಜೆ ಮಾಡುತ್ತೇನೆ ಅಂತ ದೊಡ್ಡ ಯಜಮಾನರು ಮೊದಲೇ ಹೇಳಿದ್ದರು. ವಿಭೂತಿ ಪಟ್ಟೆ, ಒಂದು ಹಾರ, ಅಷ್ಟೇ ಇರುತ್ತದೆ ಅಂದುಕೊಂಡು ನಾನು ಸ್ವಲ್ಪ ತಡವಾಗಿ ಹೋದೆ.

ಹೋಗುವಷ್ಟರಲ್ಲಿ ಸರ್ವರು ಅಂಗಡಿಯ ನಡುವೆ ಮಣೆಯ ಮೇಲೆ ಕೂತಿತ್ತು. ಸೇವಂತಿಗೆ ಹಾರದಲ್ಲಿ ಮೈಯೇ ಕಾಣುತ್ತಿರಲಿಲ್ಲ. ಮಣೆಯಿಂದ ಅರಿಶಿನದ ನೀರು ತೊಟ್ಟಿಕ್ಕುತ್ತಿತ್ತು.

"ಯಜಮಾನ್ರೇ, ನೀರು ಹಾಕಿದ್ರಾ?" ಅಂದೆ.

"ಬ್ಯಾರೆದಕ್ಕೆಲ್ಲ ಮಾವಿನ ಎಲೇಲಿ ಚಿಮುಕಿಸ್ದೆ ಕಣಯ್ಯ. ಇದು ಬ್ಯಾಸಿಗೆಯಿಂದ ನಮ್ಗಾಗಿ ಬಿಸಿ ಆಗಿ ದುಡಿದದೆ. ಇದಕ್ಕೆ ಒಂದು ಚೊಂಬು ಉಯ್ದೆ."

ಅಕಸ್ಮಾತ್ ಸರ್ವರು ಕೆಟ್ಟರೆ ಇರಲಿ ಅಂತ ನಾನು ಎಲ್ಲದರ ನಕಲು ಇಳಿಸಿ ಕೊಟ್ಟಿದ್ದ ಬ್ಯಾಕಪ್ ಡಿಸ್ಕು ಎಲ್ಲಿ ಅಂತ ಹುಡುಕಿದೆ. ಅದೂ ಆಯುಧವೇ ತಾನೆ? ಪಕ್ಕದ ತಟ್ಟೆಯಲ್ಲಿ ಅರಿಶಿನದ ನೀರೊಳಗೆ ಮುಳುಗಿ, ತಲೆಯ ಮೇಲೊಂದು ದಾಸವಾಳ ಹೊತ್ತು ಕೂತಿತ್ತು. ಸರ್ವರನ್ನು ಈಗಲೇ ಆನ್ ಮಾಡಬೇಡಿ, ಒಣಗಲಿ ಅಂತ ಹೇಳುವುದರೊಳಗೆ ಮಂಗಳಾರತಿ ಮುಗಿಯಿತು. ದೊಡ್ಡ ಯಜಮಾನರು ಶಾಸ್ತ್ರಕ್ಕೆ ಅಂತ ಒಂದು ಸಲ ಸ್ವಿಚ್ಚು ಒತ್ತಿದರು. ಟಪ್ ಅಂತ ಸದ್ದಾಯಿತು. ಊದುಬತ್ತಿಯ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬಂತು.

ಸರ್ವರೂ ಡಿಸ್ಕೂ ಎರಡೂ ಹೋದವು ಅಂತ ಅರ್ಥವಾದ ಮೇಲೆ ಅವರು ಪೈಪಿನ ಕಟ್ಟಿನ ಮೇಲೆ ಕುಸಿದು ಕೂತರು. "ದಸ್ರಾ ಬಂದೇಬುಡ್ತು ಕಣಮ್ಮಿ" ಅಂದರು ಹೆಂಡತಿಗೆ. "ನನ್ ಪೆಟ್ಟಿಗೆ ಸೋತೋಯ್ತು. ಇನ್ ಯಾವ್ ಮೊಕ ಇಟ್ಕಂಡು ಅವನ್ನ ಬಾ ಅನ್ಲಿ? ಬ್ಯಾರೆ ಆಗದೇ ಆಯ್ತು." ಅಷ್ಟು ದೊಡ್ಡ ದನಿಯ ಮನುಷ್ಯ ಇಷ್ಟು ಮೆಲ್ಲಗೆ ಮಾತಾಡುತ್ತಿದ್ದರು.

ಅಮ್ಮಾವ್ರು ನನ್ನನ್ನು ನೋಡಿದರು. ನಾನು ಹೊರಗೆ ಹೋಗಿ ಕೆ.ಆರ್. ನಗರಕ್ಕೆ ಫೋನು ಮಾಡಿದೆ. ಚಿಕ್ಕ ಯಜಮಾನರು ತಮ್ಮ ಅಂಗಡಿಯ ಪೂಜೆಯನ್ನು ಅರ್ಧಕ್ಕೇ ಬಿಟ್ಟು, ಬೈಕಿಗೆ ಕಟ್ಟಿದ್ದ ಬಾಳೆಕಂದನ್ನೂ ಬಿಚ್ಚದೆ ಬಂದರು. ಬಂದವರು ಅಣ್ಣನ ಮುಖ ನೋಡದೆ ಗಲ್ಲಾದ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಾಸ್‌ವರ್ಡ್ ಹಾಕಿದರು. ಹುಣಸೂರಿನದೂ ಪಿರಿಯಾಪಟ್ಟಣದ್ದೂ ಹಿಂದಿನ ದಿನದವರೆಗಿನ ಪೂರ್ತಿ ವಿವರ ತೆರೆದುಕೊಂಡಿತು.

ದೊಡ್ಡ ಯಜಮಾನರು ಎದ್ದು ಬಂದು ಕನ್ನಡಕ ಹಾಕಿಕೊಂಡು ನೋಡಿದರು. ಎಷ್ಟೋ ತಿಂಗಳ ಮೇಲೆ ತಮ್ಮನ ಜೊತೆ ನೇರವಾಗಿ ಮಾತಾಡಿದರು. "ಇದ್ನ ಯಾವಾಗ್ಲಾ ಮಾಡ್ದೆ?"

"ನೀನ್ ಮಾತು ಬುಟ್ಟಾಗ."

"ನಾನೆಲ್ಲಿ ಬುಟ್ಟೆ? ಕೆಮ್ಮು ಎಂಗದೆ ಅಂತ ಕೇಳಿರ್ಲಿಲ್ವಾ?"

ಆಮೇಲೆ ತಡವಾಗಲಿಲ್ಲ. ಲೈನು ಹೋದಾಗ ಅಂಗಡಿ ನಿಲ್ಲಬಾರದು, ಅದಕ್ಕೆ ಅಂಗಡಿಗೊಂದು ಮೆಷಿನ್ನು ಇರಲಿ. ಮೆಷಿನ್ನು ಹೋದಾಗ ವಿವರ ಹೋಗಬಾರದು, ಅದಕ್ಕೆ ಕ್ಲೌಡೂ ಇರಲಿ. ನಾಲ್ಕೂ ಅಂಗಡಿಗೆ ಎರಡೂ ಸೇರಲಿ ಅಂದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಆದರೆ ಆಗ ಕೇಳುವ ಕಿವಿ ಇರಲಿಲ್ಲ. "ಅಂಗಾದ್ರೆ ಭಾಗ ಗೀಗ ಏನೂ ಇಲ್ಲ, ಎಲ್ಲಾ ಒಂದೇ" ಅಂದರು ದೊಡ್ಡ ಯಜಮಾನರು. ಅಮ್ಮಾವ್ರು ಒಳಗೆ ಹೋಗಿ ಪಾಯಸದ ಪಾತ್ರೆಯನ್ನೇ ಎತ್ತಿಕೊಂಡು ಬಂದರು.

ಪಾಯಸ ಕುಡಿಯುತ್ತಾ ದೊಡ್ಡ ಯಜಮಾನರು ಮತ್ತೆ ಮುಖ ಗಂಟಿಕ್ಕಿದರು. "ಅಲ್ಲ ಕಂಪ್ಯೂಟ್ರಪ್ಪ, ಇವತ್ತು ಮನೆ ಕಾಪಾಡಿದ್ದು ಆ ಕ್ಲೌಡು. ಸುತ್ತಿಗೆಗೂ ಪೂಜೆ ಆಯ್ತು, ಅದಕ್ಕೆ ಆಗ್ಲಿಲ್ಲ. ಫೋನ್ ಹಾಕು. ಒಂದು ಕುಂಬಳಕಾಯಿ ಒಡೀರಿ ಅನ್ನು."

ಬೇಡ ಅಂದರೂ ಕೇಳಲಿಲ್ಲ, ಮಾಡಿದೆ. ಅದೇ ಹುಡುಗಿ ಸಿಕ್ಕಿದಳು. ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಏನೋ ಪರಿಶೀಲಿಸಿ, "ಸರ್, ಆ ಸೌಲಭ್ಯ ನಿಮ್ಮ ಪ್ಲಾನಿನಲ್ಲಿ ಇಲ್ಲ" ಅಂದಳು.

ದೊಡ್ಡ ಯಜಮಾನರು ಯೋಚನೆಗೆ ಬಿದ್ದರು. "ಅದ್ರ ಬೀಗದಕೈ ಯಾರತ್ರ ಅದೆ?"

"ಬೀಗದಕೈ ಅಂದ್ರೆ ಪಾಸ್‌ವರ್ಡು. ಅದು ಚಿಕ್ಕ ಯಜಮಾನರ ತಲೇಲಿದೆ" ಅಂದೆ.

"ಅಂಗಾದ್ರೆ ಅವನ ತಲೆಗೇ ಮಾಡಾನ. ಬಾರ್ಲಾ ಇಲ್ಲಿ, ಕುಂತ್ಕೊ."

ಚಿಕ್ಕ ಯಜಮಾನರು ಎಷ್ಟು ಕೊಸರಾಡಿದರೂ ಬಿಡಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯ ನಾಲ್ಕು ಕಾಲಿಗೂ ನಿಂಬೆಹಣ್ಣು ಇಟ್ಟರು. ಸರ್ವರಿನ ಕೊರಳಲ್ಲಿದ್ದ ಹಾರ ತೆಗೆದು ತಮ್ಮನ ಕೊರಳಿಗೆ ಹಾಕಿದರು, ಹಣೆಗೆ ಅಡ್ಡಡ್ಡ ವಿಭೂತಿ ಎಳೆದರು. ಅಮ್ಮಾವ್ರು ಆರತಿ ಎತ್ತುವಾಗ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ದೊಡ್ಡ ಯಜಮಾನರು ಬೂದುಗುಂಬಳಕಾಯಿ ನಿವಾಳಿಸಿ ಬೀದಿಯಲ್ಲಿ ಒಡೆದು ಬಂದರು. ಬಂದು ನೋಡಿದರೆ ಅಮ್ಮಾವ್ರು ಅರಿಶಿನದ ನೀರಿನ ಚೊಂಬನ್ನು ಮೈದುನನ ತಲೆಯ ಮೇಲಕ್ಕೆ ಎತ್ತಿದ್ದರು.

ಯಜಮಾನರು ಓಡಿಬಂದು ಆ ಕೈ ಹಿಡಿದರು. "ನೀರು ಬ್ಯಾಡ ಕಣಮ್ಮಿ. ಇದೂ ಕೆಟ್ಟೋದ್ರೆ ನನ್ತಾವ ಇನ್ನೊಂದಿಲ್ಲ."